ಮಳೆನೀರಿನ ಪೈಪು ಯಾವ ಪೈಪಿಗೆ?

ಸಾಫ್ಟ್‌ವೇರ್ ಕೆಲಸದವಳು ಗಟಾರದ ವಿಷಯ ಏನು ಹೇಳುತ್ತಾಳೆ ಎಂದು ನಿಮಗೆ ಅನಿಸಬಹುದು. ಎಂ.ಟೆಕ್. ಓದಿನಲ್ಲಿ ಸಿಗದ ಈ ಪಾಠ ನನಗೆ ಸಿಕ್ಕಿದ್ದು ಸಾನಪಾಡಾದ ನಮ್ಮ ರೋ ಹೌಸಿನ ಬಚ್ಚಲಲ್ಲಿ.

ಟೆರೇಸಿನ ನೀರು ಅಂಗಳಕ್ಕೆ ಸುರಿದು ಗೋಡೆಗೆ ತೇವ ಹಿಡಿಯುತ್ತಿತ್ತು. ಪ್ಲಂಬರ್ ಬಂದು ಅಗೆದಾಗ ನೆಲದಡಿ ಹಳೆಯ ಪೈಪೊಂದು ಸಿಕ್ಕಿತು. "ಭಾಭೀ, ಇದಕ್ಕೇ ಜೋಡಿಸೋಣ, ರಸ್ತೆವರೆಗೆ ಅಗೆಯುವ ಖರ್ಚು ಉಳೀತದೆ" ಎಂದ. ನಾನೂ ಹೂಂ ಅಂದೆ. ಅತ್ತೆಯೊಬ್ಬರೇ "ಅದು ಯಾವ ಪೈಪು ಅಂತ ನೋಡಿದ್ರೇನಮ್ಮಾ?" ಎಂದು ಕೇಳಿದರು. ನೋಡಿರಲಿಲ್ಲ.

ಜುಲೈಯ ಜೋರು ಮಳೆಗೆ ಬಚ್ಚಲಿನ ಜಾಲರಿಯಿಂದ ಕೊಳಚೆ ಉಕ್ಕಿ ಅಡುಗೆಮನೆ ಹೊಸ್ತಿಲವರೆಗೂ ಬಂತು. ಅದು ಶೌಚದ ಪೈಪು. ನಮ್ಮದು ಹೋಗಲಿ, ಅದೇ ಪೈಪಿಗೆ ಸೇರಿದ ಪಕ್ಕದ ಮನೆಯ ಅಜ್ಜಿಯ ಬಚ್ಚಲೂ ತುಂಬಿತು. ನಾನು ಉಳಿಸಿದ ಖರ್ಚನ್ನು ಅವರು ಎರಡು ದಿನ ನೆಲ ತೊಳೆದು ತೀರಿಸಿದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಟೆರೇಸು 50 ಚದರ ಮೀಟರ್. ತಾಸಿಗೆ 50 ಮಿ.ಮೀ. ಮಳೆ ಬಂದರೆ 2,500 ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಲೆಕ್ಕದಂತೆ ನಾಲ್ವರ ಮನೆ ಬಳಸುವುದು 540. ಅಂದರೆ ಸುಮಾರು ನಾಲ್ಕೂವರೆ ದಿನದ ನೀರನ್ನು ಒಂದೇ ತಾಸಿನಲ್ಲಿ ಶೌಚದ ಪೈಪಿಗೆ ತುರುಕಿದ್ದೆವು! 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಬಿದ್ದಿತ್ತು. ಆ ದಿನದ ಲೆಕ್ಕ ನೀವೇ ಹಾಕಿ.

ಹಾಗೆಂದು ಬಟ್ಟೆ ಒಗೆದ ನೀರನ್ನು ಮಳೆನಾಲೆಗೆ ಬಿಡುವುದೂ ತಪ್ಪೇ. ನವಿ ಮುಂಬಯಿಯ ತಗ್ಗು ನೆಲಕ್ಕಾಗಿ ಸಿಡ್ಕೊ ಡಚ್ಚರ ಮಾದರಿಯಲ್ಲಿ ಹೋಲ್ಡಿಂಗ್ ಪಾಂಡ್‌ಗಳನ್ನು ಮಾಡಿದೆ. ಉಬ್ಬರದಲ್ಲಿ ಅವುಗಳ ಬಾಗಿಲು ಮುಚ್ಚಿ ಮಳೆನೀರು ಅಲ್ಲೇ ನಿಲ್ಲುತ್ತದೆ, ಇಳಿತದಲ್ಲಿ ಖಾಡಿಗೆ ಹರಿಯುತ್ತದೆ. ಆ ನಾಲೆಗೆ ಬಿಟ್ಟ ಕೊಳಚೆ ಶುದ್ಧೀಕರಣವಿಲ್ಲದೆ ನೇರ ಖಾಡಿಗೆ.

ಪೈಪು ಗುರುತಿಸುವುದು ಸುಲಭ. ರಸ್ತೆ ಬದಿಯ ಎರಡೂ ಚೇಂಬರಿನ ಮುಚ್ಚಳ ತೆಗೆಸಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಹಳೆಯ ಪೈಪಿಗೆ ಸುರಿಯಿರಿ. ನೀಲಿ ಎಲ್ಲಿ ಬರುತ್ತದೆ ನೋಡಿ. ನಾವು ಮೊದಲೇ ಇದನ್ನು ಮಾಡಿದ್ದರೆ ಹತ್ತು ನಿಮಿಷದ ಕೆಲಸ.

ಕೊನೆಗೆ ಪಾಲಿಕೆಯ ಅನುಮತಿ ಪಡೆದು ಮಳೆನಾಲೆಗೇ ಬೇರೆ ಪೈಪು ಹಾಕಿಸಿದೆವು. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟು, ಜೋಡಣೆಗೆ ನೇರ ಟೀ ಬದಲು ಓರೆಯ ವೈ ಹಾಕಿಸಿದೆವು. ನಡುವೆ ಒಂದು ಚೇಂಬರ್; ಅದರ ತಳ ಹೊರಹೋಗುವ ಪೈಪಿಗಿಂತ ಒಂದು ಗೇಣು ಕೆಳಗೆ, ಮಣ್ಣು ಅಲ್ಲೇ ಕೂರಲಿ ಎಂದು. ಉಬ್ಬರದ ಹೊತ್ತಿಗೆ ಮಳೆ ಬಂದರೆ ನಾಲೆ ತುಂಬಿ ನೀರು ಹಿಂದಕ್ಕೆ ಒತ್ತುವುದುಂಟು, ಆದ್ದರಿಂದ ಚೇಂಬರಿಗೆ ಜಾಲರಿ ಮುಚ್ಚಳ. ಉಕ್ಕಿದರೂ ಅಂಗಳಕ್ಕೆ, ಅದೂ ಬರೀ ಮಳೆನೀರು.

ಪ್ರತಿ ಮೇ ಕೊನೆಗೆ ಅದನ್ನು ಬಳಿಯುತ್ತೇವೆ. ಈ ವರ್ಷ ಎರಡು ಬುಟ್ಟಿ ಮಣ್ಣು ಬಂತು, ಜೊತೆಗೆ ಕಳೆದುಹೋಗಿದ್ದ ಮಗನ ಕ್ರಿಕೆಟ್ ಚೆಂಡು. ಪಕ್ಕದ ಅಜ್ಜಿಯೂ ಬಂದು ಇಣುಕಿ ನೋಡಿ ಹೋದರು.