ಕೈಯಲ್ಲಿ ಅಡಿಕೆ, ಎದುರಿಗೆ ಟಿ.ವಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಇವತ್ತು ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ. ಮಾತು ನಿಮ್ಮ ಮನೆಯದ್ದೇ.

ಅಡಿಕೆ ಕೊಯ್ಲಿನ ಕಾಲ. ಹೊಸನಗರದ ಹತ್ತಿರ ಒಂದು ಮನೆಗೆ ಹೋಗಿದ್ದೆ. ರಾತ್ರಿ ಒಂಬತ್ತು ಗಂಟೆ. ಜಗಲಿ ತುಂಬ ಹಸಿ ಅಡಿಕೆ. ಮೆಟ್ಟುಗತ್ತಿ ಇಟ್ಟುಕೊಂಡು ಏಳೆಂಟು ಜನ ಸುಲೀತಾ ಕೂತಿದ್ದಾರೆ. ಎದುರಿಗೆ ಟಿ.ವಿ. ಅದರಲ್ಲಿ ಯಾರು? ನಾನೇ! ಹಿಂದಿನ ವಾರದ ಚರ್ಚೆಯ ಮರುಪ್ರಸಾರ. ಆರು ಜನ ಒಟ್ಟಿಗೇ ಕೂಗ್ತಾ ಇದ್ದೇವೆ. ಸುಲೀತಿದ್ದ ಅಜ್ಜಿಯೊಬ್ಬರು ಟಿ.ವಿ.ಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದ್ರು. “ತಮಾ, ನೀನು ಇಷ್ಟೊತ್ತು ಕೂಗಿದ್ದು ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ. ನನ್ನದು ಮಾತ್ರ ಒಂದು ಬುಟ್ಟಿ ಆಯ್ತು ನೋಡು” ಅಂದ್ರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಆ ಒಂದು ಗಂಟೆಗೆ ಅಜ್ಜಿ ಹತ್ತಿರ ಬುಟ್ಟಿ ಇತ್ತು. ನನ್ನನ್ನು ನೋಡಿದ ಉಳಿದವರ ಹತ್ತಿರ ಏನಿತ್ತು? ಲೆಕ್ಕ ಹಾಕಿ. ದಿನಕ್ಕೆ 2 ಗಂಟೆ ಟಿ.ವಿ. ನೋಡಿದರೆ ವರ್ಷಕ್ಕೆ 730 ಗಂಟೆ. ಹಗಲು ರಾತ್ರಿ ಸೇರಿಸಿ 30 ದಿನ. ವರ್ಷದಲ್ಲಿ ಪೂರಾ ಒಂದು ತಿಂಗಳು ಟಿ.ವಿ. ಮುಂದೆ!

ನೋಡಿ, ಕೆಲಸದ ಜೊತೆ ಮನರಂಜನೆ ಮಲೆನಾಡಿಗೆ ಹೊಸತಲ್ಲ. ಕೆಂಪಡಿಕೆ ಮಾಡೋರಿಗೆ ಗೊತ್ತು, ಕೊಯ್ದ ಕಾಯಿ ಕಾಯೋದಿಲ್ಲ. ಬೇಗ ಸುಲೀಬೇಕು, ಬೇಯಿಸಬೇಕು, ಒಣಗಿಸಬೇಕು. ಅದಕ್ಕೇ ರಾತ್ರಿ ಸುಲಿಯುವ ಕೆಲಸ. ಅಲ್ಲಿ ಒಗಟು ನಡೀತಿತ್ತು, ಕಥೆ ನಡೀತಿತ್ತು, ತಾಳಮದ್ದಳೆಯ ಮಾತುಗಾರಿಕೆ ನಡೀತಿತ್ತು. ಆಮೇಲೆ ಭದ್ರಾವತಿ ಆಕಾಶವಾಣಿ ಬಂತು. ಕೈ ಕತ್ತಿಯ ಮೇಲೆ, ಕಿವಿ ಮಾತಿನ ಮೇಲೆ. ಟಿ.ವಿ. ಹಾಗಲ್ಲ, ಅದು ಕಣ್ಣನ್ನೇ ಕೇಳುತ್ತೆ. ಕಣ್ಣು ಅತ್ತ ಹೋದರೆ ಬೆರಳು ಕತ್ತಿಗೆ ಹೋಗುತ್ತೆ.

ಹಾಗಾಗಿ ನನ್ನ ಮೊದಲ ಮಾತು: ಕಾರ್ಯಕ್ರಮಗಳನ್ನು ಎರಡು ಪಾಲು ಮಾಡಿ. ಕಿವಿಗೆ ಸಾಕಾಗುವಂಥವು ಒಂದು ಪಾಲು. ಸುದ್ದಿ, ಸಂಗೀತ, ಕೃಷಿ ಮಾತುಕತೆ, ಚಂದನದ ‘ಥಟ್ ಅಂತ ಹೇಳಿ’. ಅಡಿಕೆ ಸುಲೀತಾ, ಬತ್ತಿ ಹೊಸೀತಾ, ಹೂ ಕಟ್ತಾ ಕೇಳಬಹುದು. ಪ್ರಶ್ನೆಗೆ ಮಕ್ಕಳು ಮೊದಲು ಉತ್ತರ ಹೇಳ್ತಾರೋ, ಅಜ್ಜ ಹೇಳ್ತಾರೋ, ಅದೇ ಒಂದು ಪಂದ್ಯ.

ಇನ್ನೊಂದು ಪಾಲು, ಕಣ್ಣಿಟ್ಟು ನೋಡಬೇಕಾದವು. ಅವನ್ನು ಕೆಲಸ ಬದಿಗಿಟ್ಟೇ ನೋಡಿ. ಹೇಗೆ ನೋಡಬೇಕು ಅಂತ ಕಲಿಸಿದ್ದು ನಿಮ್ಮ ಸಾಗರ ತಾಲ್ಲೂಕೇ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜ ಶುರು ಮಾಡಿತು. ತೋಟದ ಕೆಲಸ ಮುಗಿಸಿ ಬಂದ ಜನ ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾ ನೋಡಿದರು. ನೋಡಿ ಎದ್ದು ಹೋಗಲಿಲ್ಲ, ಕೂತು ಮಾತಾಡಿದರು. ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯವರಿಗೆ ಇದೆಲ್ಲ ಯಾಕೆ ಅನ್ನೋರ ಬಾಯಿ ಮುಚ್ಚಿಸಿದ್ದು ಆ ಹಳ್ಳಿಯ ಪ್ರೇಕ್ಷಕರೇ. ಅದೇ ರೂಢಿ ನಿಮ್ಮ ಮನೆ ಜಗಲಿಗೂ ಬರಲಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಶಂಕರನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಒಂದು ಕಂತು ಮೊಮ್ಮಕ್ಕಳ ಜೊತೆ ನೋಡಿ. ಮುಗಿದ ಮೇಲೆ ಟಿ.ವಿ. ಆರಿಸಿ. ಯಾವ ಬೀದಿ, ಯಾವ ಮನೆ, ಆ ಹುಡುಗ ಮಾಡಿದ್ದು ಸರಿಯಾ? ಹತ್ತು ನಿಮಿಷ ಮಾತಾಡಿ. ನೋಡಿದ್ದು ಆಗ ನಿಮ್ಮದಾಗುತ್ತೆ.

ಇನ್ನು ಗಂಡಸರಿಗೆ ಒಂದು ಮಾತು. ಟಿ.ವಿ. ಸಮಯ ಉಪಯೋಗಿಸಿ ಅಂದ ತಕ್ಷಣ ಕೆಲವರಿಗೆ ಖುಷಿ. “ಕೇಳಿದ್ಯೇನೇ? ಧಾರಾವಾಹಿ ನೋಡ್ತಾ ಬೀನ್ಸ್ ಹೆಚ್ಚು” ಅಂತ ಆರಾಮ ಕುರ್ಚಿಯಿಂದಲೇ ಆರ್ಡರ್! ಅಲ್ಲಾ ಸ್ವಾಮಿ, ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ, ಒಲೆ, ತೋಟ ಅಂತ ಓಡಾಡಿದವಳು ಅವಳು. ಆ ಅರ್ಧ ಗಂಟೆಯೂ ಅವಳ ಕೈ ಖಾಲಿ ಇರಬಾರದಾ? ನಾನು ಹೇಳ್ತಿರೋದು ಕುರ್ಚಿಯಲ್ಲಿ ಕೂತವರಿಗೆ. ಬುಟ್ಟಿ ನಿಮ್ಮ ಮುಂದೆ ಇಟ್ಕೊಳ್ಳಿ. ಅವಳು ಸುಮ್ನೆ ಕೂತು ನೋಡಲಿ. ದಣಿದವರ ವಿಶ್ರಾಂತಿಯನ್ನು ವ್ಯರ್ಥ ಅನ್ನಬೇಡಿ. ವ್ಯರ್ಥ ಅಂದ್ರೆ ಇಷ್ಟವೂ ಇಲ್ಲದೆ, ಎದ್ದೂ ಹೋಗದೆ, ರಿಮೋಟ್ ಒತ್ತುತ್ತಾ ಹನ್ನೊಂದು ಗಂಟೆ ಮಾಡೋದು.

ನೀವು ಚಾನೆಲ್ ಬದಲಾಯಿಸದೆ ಇದ್ದರೆ ನಮಗೆ ಟಿ.ಆರ್.ಪಿ. ನನ್ನ ಸಂಬಳ ಬರೋದು ಅದರಿಂದಲೇ. ಆದರೂ ಹೇಳ್ತೀನಿ. ಟಿ.ವಿ. ಹಾಕುವ ಮೊದಲು ಏನು ನೋಡ್ತೀವಿ, ಎಷ್ಟೊತ್ತಿಗೆ ಆರಿಸ್ತೀವಿ ಅಂತ ತೀರ್ಮಾನ ಮಾಡ್ಕೊಳ್ಳಿ. ನಾನು ಕೂಗೋಕೆ ಶುರು ಮಾಡಿದ್ರೆ ನನ್ನನ್ನೂ ಆರಿಸಿ. ಅಜ್ಜಿ ಬುಟ್ಟಿ ಎಣಿಸೋಕೆ ಅನುಕೂಲ ಆಗುತ್ತೆ.