ಪ್ರೀತಿಯ ಸಿನಿಮಾದೊಳಗೆ ಒಂದು ಖರ್ಚಿನ ಲೆಕ್ಕ

ಇವತ್ತಿನ ಎಪಿಸೋಡ್ 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ' ಬಗ್ಗೆ. ಜೇನ್ ಆಸ್ಟಿನ್ ಅವರ ಕಾದಂಬರಿ ಬಂದಿದ್ದು 1811ರಲ್ಲಿ, ಆಂಗ್ ಲೀ ನಿರ್ದೇಶನದ ಸಿನಿಮಾ 1995ರಲ್ಲಿ. ಸ್ಪಾಯ್ಲರ್ ಇದೆ, ಮೊದಲೇ ಹೇಳಿಬಿಡ್ತೀನಿ.

ಉದ್ದನೆ ಗೌನು, ಕುದುರೆಗಾಡಿ, ಮಳೆಯಲ್ಲಿ ಬಿದ್ದ ಹುಡುಗಿಯನ್ನ ಎತ್ಕೊಂಡು ಬರೋ ಚೆಲುವ, ಎಲ್ಲಾ ಇದೆ. ಆದ್ರೆ ನಾನು ಓದಿದ್ದು ಬಿ.ಕಾಂ. ಹಾಗಾಗಿ ನನ್ನ ಕಣ್ಣು ಹೋಗಿದ್ದು ದುಡ್ಡಿನ ಕಡೆಗೆ.

ಕಥೆ ಶುರುವಾಗೋದೇ ಸಾವಿನಿಂದ. ಮಿಸ್ಟರ್ ಡ್ಯಾಶ್‌ವುಡ್ ತೀರಿಕೊಂಡ ಮೇಲೆ ಎಸ್ಟೇಟ್ ಪೂರ್ತಿ ಮೊದಲ ಹೆಂಡತಿಯ ಮಗ ಜಾನ್‌ಗೆ. ಎರಡನೇ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳಿಗೆ ಉಳಿಯೋದು ವರ್ಷಕ್ಕೆ 500 ಪೌಂಡ್. ಅವರನ್ನ ನೋಡ್ಕೋತೀನಿ ಅಂತ ಜಾನ್ ಅಪ್ಪನಿಗೆ ಮಾತು ಕೊಟ್ಟಿರ್ತಾನೆ.

ಮೊದಲು 3,000 ಪೌಂಡ್ ಕೊಡೋಣ ಅಂತಾನೆ. ಹೆಂಡತಿ ಫ್ಯಾನಿ ದಾರಿಯುದ್ದಕ್ಕೂ ಮಾತಾಡ್ತಾ ಹೋಗ್ತಾಳೆ. 3,000 ಅರ್ಧ ಆಗುತ್ತೆ. ಆಮೇಲೆ ತಾಯಿಗೆ ವರ್ಷಕ್ಕೆ 100. ಆಮೇಲೆ ಯಾವಾಗಲಾದ್ರೂ 20. ಗಾಡಿ ಮನೆ ಮುಟ್ಟೋ ಹೊತ್ತಿಗೆ ಸೊನ್ನೆ! ಫ್ಯಾನಿ ಎಲ್ಲೂ ಕೂಗಾಡಲ್ಲ. ಪ್ರತಿ ಕಡಿತಕ್ಕೂ ಅವಳ ಹತ್ರ ಒಂದು ಸಭ್ಯ ಕಾರಣ ಇರುತ್ತೆ. ನಮಗೆ ನಗು ಬರುತ್ತೆ. ನಗು ನಿಲ್ಲೋಷ್ಟರಲ್ಲಿ ನಾಲ್ಕು ಹೆಂಗಸರ ಬದುಕು ಬೀದಿಗೆ ಬಂದಿರುತ್ತೆ.

ಈಗ ಹಿರಿಮಗಳು ಎಲಿನರ್‌ನ ನೋಡಿ. ಆ ಪಾತ್ರ ಮಾಡಿರೋ ಎಮ್ಮಾ ಥಾಂಪ್ಸನ್ ಚಿತ್ರಕಥೆಯನ್ನೂ ಬರೆದು, ಅದಕ್ಕೆ ಆಸ್ಕರ್ ತಗೊಂಡ್ರು. ತಂಗಿ ಮೇರಿಯಾನ್, ಅಂದ್ರೆ ಕೇಟ್ ವಿನ್ಸ್ಲೆಟ್, ಮನಸಾರೆ ಪ್ರೀತಿಸ್ತಾಳೆ, ಮನಸಾರೆ ಅಳ್ತಾಳೆ. ಎಲಿನರ್ ಎಲ್ಲಾ ನುಂಗಿಕೊಳ್ತಾಳೆ. ಅಕ್ಕನದು ಬುದ್ಧಿ, ತಂಗಿಯದು ಭಾವನೆ ಅಂತ ಹೇಳಿ ಮುಗಿಸೋದು ಸುಲಭ. ನನಗೆ ಹಾಗನ್ನಿಸಲ್ಲ. ಮನೆ ಖರ್ಚಿನ ಚಿಂತೆ ಯಾರ ತಲೆ ಮೇಲಿರುತ್ತೋ ಅವರಿಗೆ ಅಳೋಕೂ ಪುರುಸೊತ್ತು ಸಿಗಲ್ಲ, ಅಷ್ಟೇ. ನಿಮಗಾದ್ರೆ ಆಸ್ತಿ ಬರುತ್ತೆ, ನಮಗೆ ದುಡಿಯೋ ದಾರಿಯೂ ಇಲ್ಲ ಅನ್ನೋ ಅರ್ಥದಲ್ಲಿ ಅವಳೇ ಎಡ್ವರ್ಡ್‌ಗೆ ಹೇಳ್ತಾಳೆ. ಅದಕ್ಕೇ, ಅವನಿಗೆ ಮದುವೆ ಆಗಿಲ್ಲ ಅಂತ ಗೊತ್ತಾದ ಕ್ಷಣ ಅವಳು ಬಿಕ್ಕಿ ಬಿಕ್ಕಿ ಅಳೋದು. ಇಡೀ ಸಿನಿಮಾದ ಬಾಕಿ ಅಲ್ಲಿ ತೀರುತ್ತೆ.

ಕೊನೆಗೆ ಮದುವೆ. ಕರ್ನಲ್ ಬ್ರಾಂಡನ್ ನಾಣ್ಯಗಳನ್ನ ಗಾಳಿಗೆ ತೂರ್ತಾನೆ. ದೂರದ ಗುಡ್ಡದಿಂದ ವಿಲ್ಲೊಬಿ ನೋಡ್ತಿರ್ತಾನೆ. 50,000 ಪೌಂಡ್ ಇರೋ ಹುಡುಗಿಗೋಸ್ಕರ ಮೇರಿಯಾನ್‌ನ ಬಿಟ್ಟವನು ಅವನೇ.

ನಿಮ್ಮ ಮನೇಲಿ ಖರ್ಚಿನ ಲೆಕ್ಕ ನೋಡ್ಕೊಳ್ಳೋರು ಯಾರು? ಅಮ್ಮನಾ, ಅಕ್ಕನಾ, ನೀವೇನಾ? ಈ ಭಾನುವಾರ ಅವರ ಜೊತೆ ಕೂತು ಈ ಸಿನಿಮಾ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.