ಮೂರನೆಯ ದೂರಿನ ಹಕ್ಕು



2007ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ತಾಯಿಯೊಬ್ಬರು ಬೌದ್ಧಿಕ ಅಂಗವೈಕಲ್ಯವಿದ್ದ ಮಗಳನ್ನು ಕೊಂದು ತಾವೂ ಸತ್ತರು. ಕೇರಿಯ ಹುಡುಗರ ಕಿರುಕುಳದ ಬಗ್ಗೆ ಅವರು ಪೊಲೀಸರಿಗೆ 33 ಬಾರಿ ತಿಳಿಸಿದ್ದರು. ಬಿಡಿಬಿಡಿಯಾಗಿ ನೋಡಿದವರಿಗೆ ಪ್ರತಿ ದೂರೂ ಸಣ್ಣ ಪುಂಡಾಟವಾಗಿ ಕಂಡಿತು. ಒಟ್ಟಾಗಿ ನೋಡುವ ಹೊಣೆಯನ್ನು ಯಾರೂ ಹೊರಲಿಲ್ಲ. ಪೊಲೀಸರಷ್ಟೇ ಅಲ್ಲ, ಕೌನ್ಸಿಲ್‌ಗಳ ವೈಫಲ್ಯವೂ ಈ ಸಾವುಗಳಿಗೆ ಕಾರಣವೆಂದು 2009ರಲ್ಲಿ ಜ್ಯೂರಿ ಹೇಳಿತು.

2014ರ ಕಾಯಿದೆಯ ಪ್ರಕಾರ, ಆರು ತಿಂಗಳಲ್ಲಿ ಮೂರು ಅರ್ಹ ದೂರು ಕೊಟ್ಟವರು ಪ್ರಕರಣದ ಪರಿಶೀಲನೆಯನ್ನು ಕೇಳಬಹುದು. ಕೌನ್ಸಿಲ್, ಪೊಲೀಸರು ಒಟ್ಟಿಗೆ ಕುಳಿತು ಉತ್ತರಿಸಬೇಕು. ಆದರೆ ಕೇಳಿದವರಿಗೆ ಮಾತ್ರ ದಕ್ಕುವ ಹಕ್ಕಿದು. ಇಂಗ್ಲಿಷಿನಲ್ಲಿ ತಡವರಿಸುವ ವಲಸಿಗರಿಗೆ ಇದು ಇದೆಯೆಂಬುದೇ ತಿಳಿಯದು. ಅವರ ಕೈಗೆ ಬರುವುದು, ನೆರೆಯವರ ಉಪಟಳವನ್ನು ದಿನದಿನವೂ ಬರೆದಿಡುವ ಹಾಳೆ. ಮೂರನೆಯ ದೂರು ಬಂದೊಡನೆ ಈ ಹಕ್ಕನ್ನು ಕೌನ್ಸಿಲ್ ತಾನಾಗಿ, ದೂರುದಾರರ ಭಾಷೆಯಲ್ಲಿ ತಿಳಿಸಲಿ. ನ್ಯಾಯದ ಮೊದಲ ಮೆಟ್ಟಿಲು ಅದು.